ಸಂಗೀತ ಪತ್ರಿಕೆಯ ವಿನ್ಯಾಸ: ಮುಖಪುಟ ನೋಡಿದವರಿಗೆ ಇದು ಯಾರ ಪತ್ರಿಕೆ ಅಂತಲೇ ಗೊತ್ತಾಗುತ್ತಿಲ್ಲ

ಏಕತಾರಿ (ಪ್ರಶ್ನೆ)

ಸ್ವತಂತ್ರ ಬ್ಯಾಂಡ್‌ಗಳ ಬಗ್ಗೆ ಒಂದು ಕನ್ನಡ ಮಾಸಪತ್ರಿಕೆಯ ಮಾದರಿ ಸಂಚಿಕೆ ತಯಾರಾಗುತ್ತಿದೆ. ಎ4 ಅಳತೆ, ಮುಖಪುಟ ಸೇರಿ 36 ಪುಟ, ನಡುವೆ ಪಿನ್. ಓದುಗರು 17ರಿಂದ 24 ವಯಸ್ಸಿನವರು. ಲೈವ್ ಕಾರ್ಯಕ್ರಮಗಳಿಗೆ ಹೋಗುತ್ತಾರೆ, ಹಾಡು ಕೇಳುವುದು ಪೂರ್ತಿ ಫೋನಿನಲ್ಲಿ.

ಈಗಿನ ಮುಖಪುಟ ಹೀಗಿದೆ: ವೇದಿಕೆ ಮೇಲೆ ನಾಲ್ವರೂ ನುಡಿಸುತ್ತಿರುವ ಫೋಟೊ, ಮೇಲೆ ಕೆಂಪು ಬಣ್ಣದಲ್ಲಿ ಪತ್ರಿಕೆಯ ಹೆಸರು, ಎರಡೂ ಬದಿಗೆ ಒಟ್ಟು 11 ಶೀರ್ಷಿಕೆ, ಐದು ಫಾಂಟ್. ನೋಡಿದವರೆಲ್ಲ "ಚೆನ್ನಾಗಿದೆ" ಅನ್ನುತ್ತಾರೆ. ಏನು ಪತ್ರಿಕೆ ಅಂತ ಕೇಳಿದರೆ ಒಬ್ಬರು ಸಿನಿಮಾ ಅಂತಾರೆ, ಇನ್ನೊಬ್ಬರು ಕಾಲೇಜು ಸಂಚಿಕೆ ಅಂತಾರೆ.

ಮುಖಪುಟದಲ್ಲಿ ಏನು ತೆಗೆಯಬೇಕು, ಏನು ಉಳಿಸಬೇಕು? ಮುಖ್ಯ ಸಂದರ್ಶನ 1200 ಪದ ಇದೆ, ಎದುರುಬದುರು ಎರಡು ಪುಟದಲ್ಲಿ ಕೂರುತ್ತಿಲ್ಲ. ಬಣ್ಣದ ವಿಷಯದಲ್ಲೂ ಗೊಂದಲ: ಪರದೆ ಮೇಲಿನ ನಿಯಾನ್ ಹಸಿರು ಪ್ರೂಫ್‌ನಲ್ಲಿ (ಅಚ್ಚಿಗೆ ಮುಂಚಿನ ಮಾದರಿ ಪ್ರತಿ) ಹುಲ್ಲಿನ ಬಣ್ಣಕ್ಕೆ ತಿರುಗಿತು.

---

ಪುಟಕಟ್ಟು

"17–24" ಅನ್ನುವುದು ವಯಸ್ಸು ಮಾತ್ರ. ಅದರಿಂದ ಫಾಂಟೂ ಗೊತ್ತಾಗುವುದಿಲ್ಲ, ಫೋಟೊವೂ ಗೊತ್ತಾಗುವುದಿಲ್ಲ. ವಿನ್ಯಾಸಕ್ಕೆ ಬೇಕಾದದ್ದು ಬೇರೆ ಎರಡು ಉತ್ತರ. ಮುಖಪುಟದಲ್ಲಿರುವ ಬ್ಯಾಂಡ್ ಇವರಿಗೆ ಮೊದಲೇ ಗೊತ್ತಾ? ಫೋನಿನಲ್ಲಿ ಸಿಗದ ಯಾವುದಕ್ಕಾಗಿ ಇವರು ಕಾಗದ ಕೊಳ್ಳುತ್ತಾರೆ?

ಬ್ಯಾಂಡ್ ಗೊತ್ತಿದ್ದರೆ ಮುಖ ದೊಡ್ಡದಾಗಿ, ಹೆಸರು ದೊಡ್ಡದಾಗಿ ಇದ್ದರೆ ಸಾಕು. ಗೊತ್ತಿಲ್ಲದಿದ್ದರೆ ಹೆಸರನ್ನು ಎಷ್ಟು ದಪ್ಪ ಮಾಡಿದರೂ ಕೆಲಸ ಆಗುವುದಿಲ್ಲ, ಕುತೂಹಲ ಹುಟ್ಟಿಸುವ ಸಂಗತಿಯೇ ಶೀರ್ಷಿಕೆ ಆಗಬೇಕು. "ಯುವ ಸಂಗೀತ ತಂಡದೊಂದಿಗೆ ವಿಶೇಷ ಸಂದರ್ಶನ" ಅನ್ನುವುದನ್ನು ಯಾವ ಸಂಚಿಕೆಗೆ ಬೇಕಾದರೂ ಅಂಟಿಸಬಹುದು. "ಡ್ರಮ್ಮರ್ ಬಿಟ್ಟುಹೋದ ಮೇಲೆ ಮೂವರೇ ಮಾಡಿದ ಆಲ್ಬಂ" ಅನ್ನುವುದು ಈ ಸಂಚಿಕೆಗೆ ಮಾತ್ರ ಸೇರಿದ್ದು. ನಿಮ್ಮ 11 ಶೀರ್ಷಿಕೆಗಳನ್ನು ಇದೇ ಒರೆಗೆ ಹಚ್ಚಿ. "ವಿಶೇಷ", "ಹೊಸತು", "ಇನ್ನೂ ಹಲವು" ಇರುವ ಸಾಲುಗಳು ಮೊದಲು ಹೋಗಲಿ. ಒಂದು ಮುಖ್ಯ ಶೀರ್ಷಿಕೆ, ನಾಲ್ಕೈದು ಉಪಶೀರ್ಷಿಕೆ ಉಳಿದರೆ ಸಾಕು.

ಅಳತೆಯಲ್ಲಿ ಅಂತರ ಕಣ್ಣಿಗೆ ಹೊಡೆಯುವಷ್ಟಿರಬೇಕು. ಮುಖ್ಯ ಶೀರ್ಷಿಕೆ 66 ಪಾಯಿಂಟ್ ಇದ್ದರೆ ಉಳಿದವು 20–22. ಒಂದು 40, ಇನ್ನೊಂದು 34, ಮತ್ತೊಂದು 28 ಅಂತ ಇಳಿಸುತ್ತಾ ಹೋದರೆ ಎಲ್ಲವೂ ಒಟ್ಟಿಗೆ ಕೂಗಿದಂತಾಗಿ ಯಾವುದೂ ಕೇಳಿಸುವುದಿಲ್ಲ. ಸ್ಟ್ಯಾಂಡಿನಲ್ಲಿ ಪತ್ರಿಕೆಗಳು ಒಂದರ ಮೇಲೊಂದು ಕೂತಾಗ ಕಾಣುವುದು ಮೇಲಿನ ಮೂರನೇ ಒಂದು ಭಾಗ, ಇಲ್ಲವೇ ಎಡಗಡೆಯ ಒಂದು ಪಟ್ಟಿ. ಪತ್ರಿಕೆಯ ಹೆಸರು, ಕಣ್ಣುಗಳು, ಮುಖ್ಯ ಶೀರ್ಷಿಕೆಯ ಮೊದಲ ಪದ ಅಲ್ಲಿ ಸಿಗಬೇಕು. ಬ್ರಿಟನ್ನಿನ 'ಕ್ಯೂ' ಪತ್ರಿಕೆ (1986–2020) ಎಡಮೂಲೆಯಲ್ಲಿ ಕೆಂಪು ಚೌಕದೊಳಗೆ ಬಿಳಿ ಅಕ್ಷರ ಒಂದನ್ನೇ ಇಟ್ಟುಕೊಂಡು ಬಂದದ್ದನ್ನು ನೆನೆಸಿಕೊಳ್ಳಿ. ಮೂಲೆ ಕಂಡರೆ ಪತ್ರಿಕೆ ಕಂಡಂತೆ.

ತಲೆ ಹೆಸರಿನ ಮೇಲೆ ಬರುವ ಹಾಗೆ ಫೋಟೊ ಇಡುವುದು ಹಳೆಯ, ಹೆಸರಾದ ಪತ್ರಿಕೆಗಳಿಗೆ ಒಪ್ಪುತ್ತದೆ, ಅವುಗಳ ಅರ್ಧ ಅಕ್ಷರ ಕಂಡರೂ ಓದುಗರು ಗುರುತಿಸುತ್ತಾರೆ. ಹೊಸ ಪತ್ರಿಕೆಗೆ ಒಂದಕ್ಷರಕ್ಕಿಂತ ಹೆಚ್ಚು ಮುಚ್ಚಬೇಡಿ. ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ತಲೆ ಕೆಳಗಿನಿಂದ ಏರಿ ಬರುವುದರಿಂದ ಮೊದಲು ಮುಚ್ಚಿಹೋಗುವುದು ಒತ್ತಕ್ಷರ. ಹೆಸರಿನ್ನೂ ಅಂತಿಮವಾಗಿಲ್ಲದಿದ್ದರೆ ಒತ್ತಿಲ್ಲದ, ಮೂರ್ನಾಲ್ಕು ಅಕ್ಷರದ ಒಂದೇ ಪದ ಆರಿಸಿ, ವಿನ್ಯಾಸ ಎಷ್ಟೋ ಹಗುರಾಗುತ್ತದೆ.

ಇನ್ನು ಕಾಗದ ಏಕೆ ಕೊಳ್ಳಬೇಕು ಅನ್ನುವುದು. ಆಲ್ಬಂ ಬಿಡುಗಡೆಯಾದ ದಿನವೇ ಇವರ ಫೋನಿನಲ್ಲಿರುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಬರುವ ಪತ್ರಿಕೆಯಲ್ಲಿ "ಹೊಸ ಬಿಡುಗಡೆ" ಸುದ್ದಿ ಹಳಸಲು. ಉದ್ದ ಸಂದರ್ಶನ, ಬ್ಯಾಂಡ್ ಬಳಸುವ ಪೆಡಲ್, ಆಂಪ್, ಮೈಕ್‌ಗಳ ಚಿತ್ರಸಹಿತ ಪಟ್ಟಿ, ಗೋಡೆಗೆ ಅಂಟಿಸಬಹುದಾದ ಪೋಸ್ಟರ್, ಇವು ಪರದೆಯಲ್ಲಿ ಅದೇ ರುಚಿ ಕೊಡುವುದಿಲ್ಲ. 1978ರಲ್ಲಿ ಶುರುವಾದ ಬ್ರಿಟನ್ನಿನ 'ಸ್ಮ್ಯಾಶ್ ಹಿಟ್ಸ್' ಪತ್ರಿಕೆ ಹಾಡುಗಳ ಸಾಹಿತ್ಯವನ್ನು ಪುಟ ತುಂಬ ಅಚ್ಚು ಹಾಕಿತ್ತು, ಆಗ ಓದುಗರಿಗೆ ಅದು ಸುಲಭಕ್ಕೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಈಗ ಅದೇ ಮಾಡಿದರೆ ಪುಟ ದಂಡ.

---

ನೆರಳುಬೆಳಕು

ಮುಖಪುಟದ ತೊಂದರೆ ಅರ್ಧಕ್ಕಿಂತ ಹೆಚ್ಚು ಫೋಟೊದ್ದೇ. ವೇದಿಕೆ ಫೋಟೊದಲ್ಲಿ ನಾಲ್ವರೂ ನಾಲ್ಕು ಕಡೆ ನೋಡುತ್ತಿರುತ್ತಾರೆ, ಮುಖಗಳು ಬೆರಳುಗುರಿನಷ್ಟು, ಹಿಂದೆ ಲೈಟು, ಕೇಬಲ್ಲು, ಸ್ಟ್ಯಾಂಡು. ಅದರ ಮೇಲೆ ಯಾವ ಬಣ್ಣದ ಅಕ್ಷರ ಇಟ್ಟರೂ ಅರ್ಧ ಮುಳುಗುತ್ತದೆ. ಆ ಫೋಟೊ ಒಳಪುಟಕ್ಕೆ ಇರಲಿ.

ಮುಖಪುಟಕ್ಕೆ ಬೇರೆಯಾಗಿಯೇ ತೆಗೆಯಿರಿ. ಒಬ್ಬರು ಅಥವಾ ಇಬ್ಬರು, ಎದೆಯಿಂದ ಮೇಲೆ, ಕಣ್ಣು ನೇರ ಲೆನ್ಸಿಗೆ. ಕ್ಯಾಮೆರಾ ಉದ್ದಕ್ಕೆ ಹಿಡಿಯಿರಿ, 50ರಿಂದ 85 ಮಿಮೀ ಲೆನ್ಸ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/5.6ರ ಆಸುಪಾಸು. ಇಬ್ಬರಿದ್ದರೆ ಎಫ್/8. ಎಫ್/1.8ರಲ್ಲಿ ತೆಗೆದರೆ ಮುಂದಿನವರ ಕಣ್ಣು ಸ್ಪಷ್ಟ, ಹಿಂದಿನವರು ಮಂಜು, ಮತ್ತು ಅದು ಅಚ್ಚಾದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಮುಖ್ಯ ಬೆಳಕು ಒಂದು ಪಕ್ಕದಿಂದ 45 ಡಿಗ್ರಿಯಲ್ಲಿ, ಇನ್ನೊಂದು ಪಕ್ಕ ಬಿಳಿ ಥರ್ಮಾಕೋಲ್ ಹಾಳೆ. ಮೇಲಿನ ಕಾಲು ಭಾಗ ಖಾಲಿ ಬಿಡಿ, ಅದು ಪತ್ರಿಕೆಯ ಹೆಸರಿನ ಜಾಗ. ಎಲ್ಲರೂ ಎಡವುವುದು ಇಲ್ಲೇ: ಚೌಕಟ್ಟು ತುಂಬ ತೆಗೆದುಬಿಡುತ್ತಾರೆ, ಆಮೇಲೆ ಹೆಸರು ಹಣೆ ಮೇಲೆ ಕೂರುತ್ತದೆ.

ಗಿಟಾರ್ ಇರಲೇಬೇಕಿಲ್ಲ. ಇರುವುದಾದರೆ ಹೆಡ್‌ಸ್ಟಾಕ್ (ತಂತಿ ಬಿಗಿಯುವ ತುದಿ) ಪುಟದ ಅಂಚಿಗೆ ಅರ್ಧ ಕತ್ತರಿಸಿ ಹೋಗದಂತೆ ನೋಡಿ, ನುಡಿಸುವವರಿಗೆ ಅದು ತಕ್ಷಣ ಚುಚ್ಚುತ್ತದೆ. ಸುಮ್ಮನೆ ಹಿಡಿದುಕೊಂಡ ಕೈ, ಕಾರ್ಡ್ ಹಿಡಿಯದ ಬೆರಳು ಕೂಡ ಅಷ್ಟೇ. ಇವರಲ್ಲಿ ಎಷ್ಟೋ ಜನ ಸ್ವತಃ ನುಡಿಸುವವರಾಗಿರುತ್ತಾರೆ.

ಪಿಕ್ಸೆಲ್ ಲೆಕ್ಕ: ಎ4ಗೆ ಸುತ್ತಲೂ 3 ಮಿಮೀ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸೇರಿಸಿದರೆ 216 × 303 ಮಿಮೀ. 300 ಪಿಪಿಐಗೆ (ಇಂಚಿಗೆ 300 ಪಿಕ್ಸೆಲ್) ಅದು ಸುಮಾರು 2551 × 3579 ಪಿಕ್ಸೆಲ್. 12 ಮೆಗಾಪಿಕ್ಸೆಲ್ ಫೋಟೊ (3000 × 4000) ಪೂರ್ತಿ ಬಳಸಿದರೆ ಸಾಲುತ್ತದೆ. ಅದರಲ್ಲಿ ಅರ್ಧ ಅಗಲ ಕತ್ತರಿಸಿ ದೊಡ್ಡದು ಮಾಡಿದರೆ 176 ಪಿಪಿಐಗೆ ಇಳಿಯುತ್ತದೆ, ಕೂದಲು, ರೆಪ್ಪೆ ಕಲಸಿಹೋಗುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದನ್ನು ಮುಖಪುಟಕ್ಕೆ ಹಾಕಲೇಬೇಡಿ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಒಳಪುಟದ ಲೈವ್ ಫೋಟೊಗಳಿಗೆ ಒಂದು ಎಚ್ಚರಿಕೆ: ಕೆಂಪು ಎಲ್‌ಇಡಿ ಬೆಳಕಿನಲ್ಲಿ ಕೆಂಪು ಚಾನೆಲ್ ಮಾತ್ರ ಉಕ್ಕಿಹೋಗಿ ಮುಖ ಚಪ್ಪಟೆ ಕೆಂಪು ಮುದ್ದೆಯಾಗುತ್ತದೆ. ಕ್ಯಾಮೆರಾದ ಹಿಸ್ಟೋಗ್ರಾಂನಲ್ಲಿ (ಬೆಳಕಿನ ಹಂಚಿಕೆಯ ನಕ್ಷೆ) ಮೂರೂ ಬಣ್ಣ ಬೇರೆಬೇರೆಯಾಗಿ ನೋಡುತ್ತಾ ಒಂದು ಸ್ಟಾಪ್ ಕಡಿಮೆಗೆ (ಅರ್ಧದಷ್ಟು ಬೆಳಕಿಗೆ) ತೆಗೆಯಿರಿ, ರಾ ಫೈಲ್ (ಸಂಸ್ಕರಿಸದ ಮೂಲ ಫೈಲ್) ಇಟ್ಟುಕೊಳ್ಳಿ. ಈಗಾಗಲೇ ತೆಗೆದಾಗಿದ್ದರೆ ಹಸಿರು ಚಾನೆಲ್‌ನಿಂದ ಕಪ್ಪುಬಿಳುಪು ಮಾಡಿ ನೋಡಿ. ಒಂದಿಷ್ಟು ಕಾಳುಕಾಳಾಗುತ್ತದೆ, ಆದರೆ ಮುಖದ ಗೆರೆ ವಾಪಸ್ ಬರುತ್ತವೆ. ಈ ಬಗೆಯ ಪತ್ರಿಕೆಗೆ ಆ ಕಾಳು ಒಪ್ಪುತ್ತದೆ ಕೂಡ.

---

ಒತ್ತಕ್ಷರ

1200 ಪದ ಕೂರುವುದಿಲ್ಲ, ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಎ4ನಲ್ಲಿ ಪಠ್ಯದ ಜಾಗ 180 × 257 ಮಿಮೀ ಅಂತಿಟ್ಟುಕೊಳ್ಳಿ. 56 ಮಿಮೀ ಅಗಲದ ಮೂರು ಕಾಲಂ, ನಡುವೆ 6 ಮಿಮೀ. ಅಕ್ಷರ 10 ಪಾಯಿಂಟ್, ಸಾಲಿನ ಅಂತರ 15 ಪಾಯಿಂಟ್ ಆದರೆ ಕಾಲಂಗೆ 48 ಸಾಲು. ಕನ್ನಡ ಪದಗಳು ಉದ್ದ, ಸಾಲಿಗೆ ನಾಲ್ಕರ ಮೇಲೆ ಹಿಡಿಯುವುದು ಕಷ್ಟ. ಪೂರ್ತಿ ಪಠ್ಯವೇ ತುಂಬಿದ ಪುಟಕ್ಕೆ ಸುಮಾರು 575 ಪದ. ಶೀರ್ಷಿಕೆ, ಇಂಟ್ರೋ, ದೊಡ್ಡದಾಗಿ ಎತ್ತಿ ಹಾಕುವ ಮಾತು ಕಳೆದರೆ 400. ಒಂದು ಪುಟ ಪೂರ್ತಿ ಫೋಟೊ ಕೊಟ್ಟರೆ ಎರಡು ಪುಟಕ್ಕೆ ಆಗುವುದು ಅಷ್ಟೇ, 400 ಪದ. ಇಂಗ್ಲಿಷ್ ಪತ್ರಿಕೆಯ ಲೇಔಟ್ ನೋಡಿ ಪದಸಂಖ್ಯೆ ನಿಗದಿ ಮಾಡಿದರೆ ಹೀಗೇ ಆಗುವುದು.

ಆಗ ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ ಸಾಲಿನ ಅಂತರ 12ಕ್ಕೆ ಇಳಿಸುವುದು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ (ಇ, ಈ ಚಿಹ್ನೆಯ ತಲೆಗೆ) ಹೋಗಿ ತಾಗುತ್ತದೆ. "ಸ್ಪಷ್ಟ"ದ ಕೆಳಗೆ "ಕೀಬೋರ್ಡ್" ಬಂದರೆ ನೋಡಿ. ಅಕ್ಷರದ ಒಂದೂವರೆ ಪಟ್ಟು ಅಂತರ ಕನ್ನಡಕ್ಕೆ ಸುರಕ್ಷಿತ, 1.4ಕ್ಕಿಂತ ಕೆಳಗೆ ಇಳಿಯಬೇಡಿ. ಸಂದರ್ಶನವನ್ನು ನಾಲ್ಕು ಪುಟ ಮಾಡಿ, ಇಲ್ಲ 700 ಪದಕ್ಕೆ ಕತ್ತರಿಸಿ ಫೋಟೊವನ್ನು ಪುಟದ ಅರ್ಧಕ್ಕೆ ತನ್ನಿ. ನಾಲ್ಕು ಪುಟವೇ ಮೇಲು. ಮುಖಪುಟದ ಲೇಖನ ಎರಡೇ ಪುಟಕ್ಕೆ ಮುಗಿದರೆ ಕೊಂಡವರಿಗೆ ಮೋಸ ಹೋದ ಹಾಗನಿಸುತ್ತದೆ.

56 ಮಿಮೀ ಕಾಲಂನಲ್ಲಿ ಎರಡೂ ಅಂಚು ಸಮ ಮಾಡಬೇಡಿ. ಸಾಲಿಗೆ ನಾಲ್ಕೇ ಪದ ಇರುವಾಗ ಪದಗಳ ನಡುವೆ ದೊಡ್ಡ ಬಿಳಿ ಹೊಂಡಗಳು ಬೀಳುತ್ತವೆ. ಎಡಕ್ಕೆ ಮಾತ್ರ ಹೊಂದಿಸಿ.

ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಕನ್ನಡಕ್ಕೆ ಪ್ಯಾರಾಗ್ರಾಫ್ ಪ್ಯಾನಲ್‌ನ ಮೆನುವಿನಲ್ಲಿ 'ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಲೇಬೇಕು. ಇಲ್ಲದಿದ್ದರೆ ಯೂನಿಕೋಡ್ ಪಠ್ಯದಲ್ಲಿ ಒತ್ತು ಕೆಳಗೆ ಹೋಗದೆ ಅರ್ಧಾಕ್ಷರವಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೇ ಇಟ್ಟುಬಿಡಿ, ಪ್ರತಿ ಪೆಟ್ಟಿಗೆಗೂ ಕೈಯಿಂದ ಮಾಡಹೋದರೆ ಫೋಟೊ ಅಡಿಬರಹದಲ್ಲಿ ಮರೆತೇ ಮರೆಯುತ್ತದೆ. ಡ್ರಾಪ್ ಕ್ಯಾಪ್ (ಮೂರು ಸಾಲಿನಷ್ಟು ಎತ್ತರದ ಮೊದಲಕ್ಷರ) ಹಾಕುವುದಾದರೆ ಲೇಖನದ ಮೊದಲ ಅಕ್ಷರ ಒತ್ತಿಲ್ಲದ್ದಾಗಿರಲಿ. "ಸ್ವರ" ಅಂತ ಶುರುವಾದರೆ ದೊಡ್ಡಕ್ಷರದ ಒತ್ತು ನೇರ ನಾಲ್ಕನೇ ಸಾಲಿನ ಮೇಲೆ ಇಳಿಯುತ್ತದೆ. ಮೊದಲ ವಾಕ್ಯ ತಿರುಗಿಸಿ ಬರೆಯುವುದೇ ಸುಲಭ.

ಐದು ಫಾಂಟ್ ಬೇಡ, ಎರಡು ಸಾಕು. ಶೀರ್ಷಿಕೆಗೆ ಅನೇಕ್ ಕನ್ನಡ ನೋಡಿ: ಒಂದೇ ಕುಟುಂಬದಲ್ಲಿ ಕಿರಿದಾದದ್ದರಿಂದ ಅಗಲವಾದದ್ದರವರೆಗೆ, ತೆಳುವಿನಿಂದ ದಪ್ಪದವರೆಗೆ ಎಲ್ಲ ಇದೆ. ಕಿರಿದಾದ ದಪ್ಪ ರೂಪದಲ್ಲಿ ಉದ್ದ ಕನ್ನಡ ಪದವೂ ಒಂದೇ ಸಾಲಿನಲ್ಲಿ ದೊಡ್ಡದಾಗಿ ಕೂರುತ್ತದೆ. ಪಠ್ಯಕ್ಕೆ ನೋಟೊ ಸೆರಿಫ್ ಕನ್ನಡ. ಎರಡೂ ಉಚಿತ. ದಪ್ಪ ರೂಪವಿಲ್ಲದ ಫಾಂಟಿಗೆ ಸ್ಟ್ರೋಕ್ ಹಾಕಿ ದಪ್ಪ ಮಾಡಿದರೆ "ಥ", "ಧ", "ಭ"ಗಳ ಒಳಗಿನ ಸಣ್ಣ ಜಾಗ ಮುಚ್ಚಿಹೋಗುತ್ತದೆ, ಅದನ್ನು ಮಾತ್ರ ಮಾಡಬೇಡಿ.

---

ಏಕತಾರಿ

ಕಂಪೋಸರ್ ಬದಲಿಸಿದ ಕೂಡಲೇ ಅಡಿಬರಹದ ಒತ್ತುಗಳು ಸರಿಯಾದವು, ಧನ್ಯವಾದ. ಸಂದರ್ಶನ ನಾಲ್ಕು ಪುಟಕ್ಕೆ ಹೋಗುತ್ತಿದೆ. ಬಣ್ಣ? ಈ ಬಗೆಯ ಪತ್ರಿಕೆಗಳೆಲ್ಲ ಕೆಂಪು, ಕಪ್ಪು, ಬಿಳಿ ಅಂತ ಓದಿದ್ದರಿಂದ ಅದನ್ನೇ ಇಟ್ಟಿದ್ದು, ನಿಯಾನ್ ಹಸಿರು ಒಳಪುಟದ ಪಟ್ಟಿಗಳಿಗೆ.

---

ಹಳೆಸಂಚಿಕೆ

ಕೆಂಪು-ಕಪ್ಪು-ಬಿಳಿ ಎಲ್ಲಿಂದ ಬಂತು ಅಂದರೆ ಬ್ರಿಟನ್ನಿನ ರಾಕ್ ಪತ್ರಿಕೆಗಳಿಂದ. 1952ರಲ್ಲಿ ಶುರುವಾದ 'ಎನ್‌ಎಂಇ'ಯ ಕೆಂಪು ಅಕ್ಷರ, 1981ರ 'ಕೆರ‍್ಯಾಂಗ್!'ನ ಬಿರುಕು ಬಿಟ್ಟ ಅಕ್ಷರ, ಇವನ್ನು ನೋಡಿ ಬೆಳೆದವರಿಗೆ ಆ ಬಣ್ಣ ಅಂದರೆ ರಾಕ್. ಅವರಿಗೆ ಈಗ ಎಷ್ಟು ವಯಸ್ಸಾಗಿರಬೇಕು ಹೇಳಿ! ಎನ್‌ಎಂಇಯ ವಾರದ ಮುದ್ರಿತ ಸಂಚಿಕೆ 2018ರಲ್ಲೇ ನಿಂತಿತು. ನಿಮ್ಮ ಓದುಗರಲ್ಲಿ ಹೆಚ್ಚಿನವರು ಅದನ್ನು ಕೈಯಲ್ಲಿ ಹಿಡಿದಿರಲಿಕ್ಕಿಲ್ಲ. ಅವರ ಕಣ್ಣು ಪಳಗಿರುವುದು ಆಲ್ಬಂ ಕವರ್‌ನ ಚೌಕದ ಮೇಲೆ, ಕಾರ್ಯಕ್ರಮದ ಪೋಸ್ಟರ್ ಮೇಲೆ. ನೀವು ಬರೆಯುವ ಹತ್ತು ಹದಿನೈದು ಬ್ಯಾಂಡ್‌ಗಳ ಕವರ್‌ಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ ನೋಡಿ, ಯಾವ ಬಣ್ಣ ಮತ್ತೆ ಮತ್ತೆ ಬರುತ್ತದೆ ಅಂತ. ನಿಮ್ಮ ಬಣ್ಣ ಅಲ್ಲಿಂದ ಎತ್ತಿ.

ಅದರ ಜೊತೆಗೆ, ಪುಟ ಎಷ್ಟು ದಟ್ಟವಾಗಿದೆ ಅನ್ನುವುದು ಬಣ್ಣಕ್ಕಿಂತ ಹೆಚ್ಚು ಹೇಳುತ್ತದೆ. 1993ರಲ್ಲಿ ಬಂದ 'ಮೋಜೊ' ಹಳೆಯ ರಾಕ್‌ನ ಆಳ ಓದುಗರದ್ದು, ಅಲ್ಲಿ ಪುಟಗಟ್ಟಲೆ ಪಠ್ಯ ನಡೆಯುತ್ತದೆ. ಕಿರಿಯರ ಪಾಪ್ ಪತ್ರಿಕೆಗಳಲ್ಲಿ ಪುಟಕ್ಕೆ ಏಳೆಂಟು ತುಣುಕು, ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ನಿಮ್ಮದು ನಡುವಿನದು. ಹಾಗಾಗಿ ಸಂದರ್ಶನದ ಪಕ್ಕ ಒಂದೆರಡು ಬಾಕ್ಸ್: ಉಪಕರಣ ಪಟ್ಟಿ, ಮೊದಲು ಕೇಳಬೇಕಾದ ಮೂರು ಹಾಡು. ಸಂದರ್ಶನ ಓದದವರೂ ಬಾಕ್ಸ್ ಓದುತ್ತಾರೆ, ಅಲ್ಲಿಂದ ಒಳಗೆ ಬರುತ್ತಾರೆ.

ಯಾರಾದರೂ ಅಮೆರಿಕದ ಸಂಗೀತ ಪತ್ರಿಕೆ 'ರೇ ಗನ್' ಥರ ಅಕ್ಷರಗಳನ್ನು ಕಲಸಿ ಹಾಕಿ ಅಂತ ಸಲಹೆ ಕೊಟ್ಟರೆ ನಿಧಾನಿಸಿ. ಅದರ ವಿನ್ಯಾಸಕ ಡೇವಿಡ್ ಕಾರ್ಸನ್ ಅದರಲ್ಲಿ ಒಂದು ಸಂದರ್ಶನವನ್ನು ಪೂರ್ತಿ ಝಾಫ್ ಡಿಂಗ್‌ಬ್ಯಾಟ್ಸ್ ಫಾಂಟಿನ ಚಿಹ್ನೆಗಳಲ್ಲೇ ಅಚ್ಚು ಹಾಕಿದ್ದು ನಿಜ. ಪತ್ರಿಕೆಯನ್ನು ಆಗಲೇ ಒಪ್ಪಿಕೊಂಡಿದ್ದ ಓದುಗರಿದ್ದುದರಿಂದ ಅದು ನಡೆಯಿತು. ಮೊದಲ ಸಂಚಿಕೆಯಲ್ಲೇ ಹಾಗೆ ಮಾಡಿದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ.

---

ಮಸಿಕುಡಿಕೆ

ನಿಯಾನ್ ಹಸಿರು ಸಿಎಂವೈಕೆಯಲ್ಲಿ (ಅಚ್ಚಿನ ನಾಲ್ಕು ಮಸಿ: ಸಯಾನ್, ಮೆಜೆಂಟಾ, ಹಳದಿ, ಕಪ್ಪು) ಹುಟ್ಟುವುದೇ ಇಲ್ಲ, ಪ್ರೂಫ್‌ನ ತಪ್ಪಲ್ಲ. ಬೇಕೇ ಬೇಕು ಅಂದರೆ ಐದನೇ ಮಸಿ, ಪ್ಯಾಂಟೋನ್ ಬಣ್ಣಪಟ್ಟಿಯ ಸಂಖ್ಯೆಯಲ್ಲಿ ಹೇಳುವುದಾದರೆ: 802 ನಿಯಾನ್ ಹಸಿರು, 806 ನಿಯಾನ್ ಗುಲಾಬಿ. ಐದನೇ ಪ್ಲೇಟ್ ಖರ್ಚು ಬರುತ್ತದೆ, ಆದ್ದರಿಂದ ಮುಖಪುಟದ ಹಾಳೆಗೆ ಮಾತ್ರ ಹಾಕಿಸಿ. ಒಳಪುಟಕ್ಕೆ ಶುದ್ಧ ಹಳದಿ (ವೈ 100) ಅಥವಾ ಶುದ್ಧ ಮೆಜೆಂಟಾ ಇಡಿ, ಬೆರಕೆಯಿಲ್ಲದ ಮಸಿ ಎಷ್ಟೋ ಹೊಳಪಾಗಿ ಬರುತ್ತದೆ.

ಕಪ್ಪು ಹಿನ್ನೆಲೆ ಇಷ್ಟಪಡುವ ಪತ್ರಿಕೆಯಾದ್ದರಿಂದ ಇದನ್ನು ಗಮನಿಸಿ. ಬರೀ ಕೆ 100 (ಕಪ್ಪು ಮಸಿ ಮಾತ್ರ, ಶೇ. 100) ದೊಡ್ಡ ಜಾಗದಲ್ಲಿ ಬೂದುಬೂದಾಗಿ ಕಾಣುತ್ತದೆ, ದೊಡ್ಡ ಜಾಗಕ್ಕೆ ಸಿ 60, ಎಂ 40, ವೈ 40, ಕೆ 100 ಇಡಿ. ಅಕ್ಷರಗಳು ಮಾತ್ರ ಕೆ 100 ಒಂದೇ. ಈ ನಾಲ್ಕು ಮಸಿಯ ಕಪ್ಪಿನ ಮೇಲೆ ಬಿಳಿ ಅಕ್ಷರ ಬಿಡಿಸುವಾಗ ಪ್ಲೇಟ್ ಕೂದಲೆಳೆ ಸರಿದರೂ ಸಣ್ಣ ಒತ್ತಕ್ಷರ ತುಂಬಿಹೋಗುತ್ತದೆ. ಕನಿಷ್ಠ 11 ಪಾಯಿಂಟ್, ಮಧ್ಯಮ ದಪ್ಪ, ಅದೂ ನಾಲ್ಕೈದು ಸಾಲಿಗೆ ಮಾತ್ರ. ಇಡೀ ಸಂದರ್ಶನ ಕಪ್ಪಿನ ಮೇಲೆ ಬಿಳಿ ಬೇಡವೇ ಬೇಡ.

36 ಪುಟ ಒಳ್ಳೆಯ ಆಯ್ಕೆ: ಮುಖಪುಟದ 4 ಬೇರೆ ಹಾಳೆ (170–200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ), ಒಳಗೆ 32, ಅಂದರೆ 16 ಪುಟದ ಎರಡು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟು). 38 ಮಾಡಲಾಗುವುದಿಲ್ಲ, ಪಿನ್ ಹೊಡೆಯುವುದಕ್ಕೆ ನಾಲ್ಕರ ಗುಣಕವೇ ಬೇಕು. 40 ಮಾಡಿದರೆ 4 ಪುಟಕ್ಕಾಗಿ ಇನ್ನೊಂದು ಫಾರಂ. ಒಳಗಿನ ಹಾಳೆಗಳು ಹೊರಗೆ ಜರುಗಿ ಕತ್ತರಿಸುವಾಗ ನಡುಪುಟಗಳು ಸುಮಾರು 1 ಮಿಮೀ ಕಿರಿದಾಗುತ್ತವೆ, ಪುಟಸಂಖ್ಯೆಯನ್ನು ಅಂಚಿನಿಂದ 8 ಮಿಮೀ ಒಳಗಿಡಿ.

ಮುಖಪುಟ 1 ಅಂತ ಎಣಿಸಿದರೆ 18–19 ಮಾತ್ರ ಒಂದೇ ಹಾಳೆಯ ಮೇಲೆ ಬರುವ ಎದುರುಬದುರು ಪುಟ. ಪೋಸ್ಟರ್ ಅಲ್ಲೇ ಹಾಕಿ, ಪಿನ್ ಎತ್ತಿದರೆ ಪೂರ್ತಿ ಬರುತ್ತದೆ. ಅದರ ಹಿಂಬದಿ 17 ಮತ್ತು 20 ಆಗುತ್ತದೆ, ಅಲ್ಲಿ ಸಂದರ್ಶನದ ಪುಟ ಇಟ್ಟರೆ ಪೋಸ್ಟರ್ ಕಿತ್ತವರ ಸಂದರ್ಶನ ಹಾರಿಹೋಗುತ್ತದೆ. ಬೇರೆ ಕಡೆ ಎರಡು ಪುಟಕ್ಕೆ ಹರಡುವ ಫೋಟೊ ಇದ್ದರೆ ಮಡಿಕೆಯ ಮೇಲೆ ಮುಖ ಬೀಳದಿರಲಿ, ಎರಡು ಹಾಳೆ ಒಂದು ಮಿಮೀ ಮೇಲೆಕೆಳಗಾದರೂ ಕಣ್ಣು ಸೊಟ್ಟ ಕಾಣುತ್ತದೆ.

ಬಾರ್‌ಕೋಡ್‌ಗೆ ಬಿಳಿ ಹಿನ್ನೆಲೆಯಲ್ಲಿ 38 × 26 ಮಿಮೀ ಈಗಲೇ ಕಾಯ್ದಿರಿಸಿ, ಕೊನೆಯಲ್ಲಿ ತಂದು ಗಿಟಾರ್ ಮೇಲೆ ಅಂಟಿಸಬೇಡಿ. ಪ್ಲೇಲಿಸ್ಟ್‌ನ ಕ್ಯೂಆರ್ ಕೋಡ್ 20 ಮಿಮೀಗಿಂತ ಚಿಕ್ಕದು ಬೇಡ, ಬಿಳಿಯ ಮೇಲೆ ಕಪ್ಪು, ಸುತ್ತ ಖಾಲಿ ಅಂಚು. ಕಪ್ಪಿನ ಮೇಲೆ ಬಿಳಿ ಮಾಡಿದರೆ ಕೆಲವು ಫೋನ್ ಓದುವುದಿಲ್ಲ.

---

ಪುಟಕಟ್ಟು

ಪರಿವಿಡಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಚಿಕ್ಕ ವಿಷಯ: ಮುಖಪುಟದಲ್ಲಿ ಬಳಸಿದ ಅದೇ ಪದಗಳು ಪರಿವಿಡಿಯಲ್ಲೂ ಬರಲಿ. ಅಲ್ಲಿ "ಮೂವರೇ ಮಾಡಿದ ಆಲ್ಬಂ" ಅಂತಿದ್ದು ಇಲ್ಲಿ "ಸಂದರ್ಶನ" ಅಂತಿದ್ದರೆ ಹುಡುಕಿ ಹುಡುಕಿ ಬಿಡುತ್ತಾರೆ. ಎರಡು ಮೂರು ಫೋಟೊ, ಪ್ರತಿ ಫೋಟೊ ಮೇಲೂ ಪುಟಸಂಖ್ಯೆ ದೊಡ್ಡದಾಗಿ. ಮುಖಪುಟದ ಫೋಟೊ ಮತ್ತೆ ಬೇಡ.

ಹೊಸ ಮುಖಪುಟ ತಯಾರಾದ ಮೇಲೆ "ಚೆನ್ನಾಗಿದೆಯಾ" ಅಂತ ಕೇಳಬೇಡಿ. ಆ ವಯಸ್ಸಿನ ಐದಾರು ಜನರಿಗೆ, ನಿಮ್ಮ ಗೆಳೆಯರಲ್ಲದವರಿಗೆ, ಐದು ಸೆಕೆಂಡ್ ತೋರಿಸಿ ಮುಚ್ಚಿ. ಯಾವ ಬಗೆಯ ಸಂಗೀತ, ಒಳಗೆ ಏನಿದೆ, ಯಾರು ಓದುತ್ತಾರೆ ಅಂತ ಕೇಳಿ. "ಯಾರು ಓದುತ್ತಾರೆ"ಗೆ ತಪ್ಪು ಉತ್ತರ ಬಂದರೆ ಫೋಟೊ, ಫಾಂಟ್ ಬದಲಿಸಿ. "ಒಳಗೆ ಏನಿದೆ"ಗೆ ಉತ್ತರವೇ ಬರದಿದ್ದರೆ ಮುಖ್ಯ ಶೀರ್ಷಿಕೆ ಬದಲಿಸಿ. ಅದೇ ಫೈಲನ್ನು 120 ಪಿಕ್ಸೆಲ್ ಅಗಲಕ್ಕೆ ಇಳಿಸಿ ಫೋನಿನಲ್ಲೂ ನೋಡಿ, ಇನ್‌ಸ್ಟಾಗ್ರಾಂನಲ್ಲಿ ಇವರಿಗೆ ಮೊದಲು ಕಾಣುವುದು ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಆ ಅಳತೆಯಲ್ಲಿ ಪತ್ರಿಕೆಯ ಹೆಸರು ಓದಲು ಬರಬೇಕು, ಉಪಶೀರ್ಷಿಕೆಗಳು ಬರದಿದ್ದರೂ ನಡೆಯುತ್ತದೆ.